ಎಡಗಡೆಯ ಆರು ನಟ್ಟು

ಇನ್ನೊಂದು ಸಲ ಗಾಜು ಒಡೆದರೆ ಸ್ಟಿಯರಿಂಗ್ ಬೇರೆಯವರ ಕೈಗೆ ಹೋಗುತ್ತದೆ ಎಂದು ಮಾವ ಹೇಳಿದ್ದು ಊಟದ ತಟ್ಟೆಯ ಮುಂದೆ, ಉಪ್ಪು ಕೇಳುವ ದನಿಯಲ್ಲಿ. ಸೊಸೆ ಉಪ್ಪಿನ ಡಬ್ಬಿಯನ್ನು ಅವರತ್ತ ಸರಿಸಿದಳು. ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಮೀಸೆ ಡ್ರೈವರ್ ಹತ್ರ ಮಾತಾಡಿದೀನಿ," ಎಂದರು ಮಾವ. "ಸೋಮವಾರದಿಂದ ಖಾಲಿ ಇದ್ದಾನಂತೆ. ಒಂದು ಫೋನ್ ಮಾಡಿದ್ರೆ ಬರ್ತಾನೆ."

"ಗಾಜು ಒಡೆದಿದ್ದು ನನ್ನ ಕೈಯಿಂದ ಅಲ್ಲ ಮಾವ. ಗಾಡಿ ತೂಗ್ತಾ ಇದೆ."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ."

ಗಾಡಿ ತೂಗುತ್ತಿದ್ದದ್ದು ನಿಜ. ಮನೆಯ ಹಿಂದೆಯೇ ಗಾಜಿನ ಕಾರ್ಖಾನೆ, ಬೆಟ್ಟದ ನೆತ್ತಿಯ ಮೇಲೆ. ಮಾವ ಕತ್ತರಿಸುತ್ತಾರೆ, ಗಂಡ ಕಟ್ಟಡಗಳಿಗೆ ಹೋಗಿ ಕೂರಿಸುತ್ತಾನೆ, ನಡುವಿನ ದಾರಿ ಸೊಸೆಯದು. ಪಿಕಪ್ಪಿನ ಹಿಂಭಾಗದಲ್ಲಿ ಡೇರೆಯ ಆಕಾರದ ಕಬ್ಬಿಣದ ಸ್ಟ್ಯಾಂಡ್ ಇದೆ. ಗಾಜುಗಳು ಎರಡೂ ಕಡೆಯಿಂದ ಅದಕ್ಕೆ ಒರಗಿ ನಿಂತೇ ಪ್ರಯಾಣ ಮಾಡುತ್ತವೆ. ಮೊದಲು ಸ್ಟ್ಯಾಂಡ್ ಎದೆಯೆತ್ತರ ಇತ್ತು. ಜನರಿಗೆ ಎತ್ತರದ ಕಿಟಕಿಗಳ ಹುಚ್ಚು ಹತ್ತಿದ ಮೇಲೆ ಗಂಡ ಅದನ್ನು ಆಳೆತ್ತರಕ್ಕೆ ಬೆಸುಗೆ ಹಾಕಿ ಏರಿಸಿದ. ಅಂದಿನಿಂದ ಪ್ರತಿ ತಿರುವಿನಲ್ಲೂ ಗಾಡಿ ಕುಡಿದವನ ಹಾಗೆ ವಾಲಿ, ನೆನಪಾದವನ ಹಾಗೆ ಮರಳುತ್ತಿತ್ತು. ಎರಡು ಸಲ ಹಾಗೆ ಮರಳುವಾಗಲೇ ಹಿಂದಿನಿಂದ ಸಣ್ಣಗೆ ಚಿಟ್ ಎಂದಿತ್ತು. ಗಾಜು ಒಡೆಯುವ ಸದ್ದು ಅಷ್ಟೇ ಸಣ್ಣದು. ದೊಡ್ಡದು ಆಮೇಲೆ ಬರುತ್ತದೆ.

ಆ ಮನೆಯಲ್ಲಿ ಅವಳ ಅಳತೆಗೆ ಹೊಂದಿಸಿದ ಒಂದೇ ಒಂದು ವಸ್ತು ಡ್ರೈವರ್ ಸೀಟು. ಒಲೆಯ ಕಟ್ಟೆ ಅತ್ತೆಯ ಎತ್ತರಕ್ಕೆ ಕಟ್ಟಿದ್ದು. ಅತ್ತೆ ತೀರಿಕೊಂಡು ವರ್ಷಗಳಾದರೂ ಸೊಸೆ ಅದರ ಮುಂದೆ ಬೆನ್ನು ಬಗ್ಗಿಸಿಯೇ ನಿಲ್ಲುತ್ತಾಳೆ. ಸೀಟು ಮಾತ್ರ ಮುಂದೆ ಎಳೆದು, ಬೆನ್ನಿಗೆ ದಿಂಬಿಟ್ಟು, ಕನ್ನಡಿಗಳನ್ನು ಅವಳ ಕಣ್ಣಿಗೆ ತಿರುಗಿಸಿದ್ದು. ತವರಿನಲ್ಲಿ ತರಕಾರಿ ಗಾಡಿ ಓಡಿಸುತ್ತಿದ್ದವಳು. ಇಲ್ಲಿಗೆ ಬಂದು ಎರಡು ವರ್ಷ ಗಾಜಿನ ಅಂಚು ಒರೆಸಿದ ಮೇಲೆ, ಮಾವನ ಕಣ್ಣು ಮಂಜಾದ ಮೇಲೆ, ಕೀಲಿಕೈ ಅವಳಿಗೆ ಸಿಕ್ಕಿತ್ತು.

"ಹಿಂದಿನ ಚಕ್ರಗಳನ್ನ ಸ್ವಲ್ಪ ಹೊರಗೆ ತರಬೇಕು," ಎಂದಳು ಅವಳು. "ಕಾಲು ಅಗಲಿಸಿ ನಿಂತವನು ಬೇಗ ಬೀಳಲ್ಲ. ಚಕ್ರದ ಹಿಂದೆ ಸ್ಪೇಸರ್ ಅನ್ನೋ ದಪ್ಪ ಬಿಲ್ಲೆ ಹಾಕಿಸೋಣ. ಅದಾದ ಮೇಲೂ ಒಡೆದರೆ ಮೀಸೆಯನ್ನ ಕರೀರಿ. ನಾನು ಮಾತಾಡಲ್ಲ."

ಮಾವ ಕೈ ತೊಳೆಯಲು ಎದ್ದರು. "ನೆನಪಿರಲಿ, ಹೇಳಿದ್ದು ನೀನೇ."

*

ಬಿಡಿಭಾಗಗಳ ಅಂಗಡಿಯವನು ಮೊದಲು ಕಟ್ಟೆಯ ಮೇಲಿಟ್ಟಿದ್ದು ಮೈತುಂಬ ತೂತಿದ್ದ ತೆಳ್ಳನೆಯ ಬಿಲ್ಲೆ.

"ಯಾವ ಗಾಡಿಗಾದ್ರೂ ಆಗುತ್ತೆ ಅಕ್ಕ. ಕಣ್ಮುಚ್ಚಿ ಹಾಕಿ."

"ಎಲ್ಲರ ಕಾಲಿಗೂ ಆಗೋ ಚಪ್ಪಲಿ ಯಾರ ಕಾಲಲ್ಲೂ ನಿಲ್ಲಲ್ಲ. ಬೇರೆ ತೋರಿಸಿ."

ಅವನು ಒಳಗೆ ಹೋಗಿ ಭಾರದ ಒಂದು ಜೊತೆ ತಂದ. ಸೊಸೆ ಜೊತೆಗೆ ಬಂದಿದ್ದ ಮಾವನ ಜೇಬಿನಿಂದ ಗಾಜಿನ ದಪ್ಪ ಅಳೆಯುವ ಅಳತೆಗೋಲನ್ನು ಕೇಳಿ ತೆಗೆದುಕೊಂಡು ನಡುವಿನ ತೂತಿಗೆ ಹಿಡಿದಳು. ಚಕ್ರ ಕೂರುವ ಹಬ್ಬಿಗೆ ನಡುವೆ ಒಂದು ದುಂಡು ಮೂಗಿರುತ್ತದೆ. ಸ್ಪೇಸರ್ ಆ ಮೂಗಿಗೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂರಬೇಕು. ಸಂದಿ ಉಳಿದರೆ ಚಕ್ರ ಅದುರುತ್ತದೆ, ಭಾರವೆಲ್ಲ ಬೋಲ್ಟುಗಳ ಮೇಲೆ ಬೀಳುತ್ತದೆ. ಆಮೇಲೆ ಮನೆಯಿಂದ ತಂದಿದ್ದ ಚಕ್ರದ ನಟ್ಟನ್ನು ಸ್ಪೇಸರಿನ ಒಂದೊಂದೇ ಬೋಲ್ಟಿಗೆ ಹಾಕಿ ಬೆರಳಿನಿಂದ ತಿರುಗಿಸಿದಳು. ಆರಕ್ಕೆ ಆರರಲ್ಲೂ ಎಲ್ಲೂ ಕಚ್ಚದೆ ಬುಡದವರೆಗೆ ಇಳಿಯಿತು.

"ಮದುವೆಗೆ ಗಂಡು ನೋಡುವಾಗಲೂ ಇಷ್ಟು ನೋಡಿರಲ್ಲ ನೀವು," ಎಂದ ಅಂಗಡಿಯವನು.

"ನೋಡಿದ್ದಿದ್ರೆ ಇವರ ಮನೆಗೆ ಯಾಕೆ ಬರ್ತಿದ್ದೆ?"

ಮಾವನಿಗೆ ನಗು ಬಂತು. ಬಂದದ್ದಕ್ಕೆ ಸಿಟ್ಟೂ ಬಂತು.

"ಇದಕ್ಕಿಂತ ದಪ್ಪದ್ದು ಹಾಕಿ ಅಕ್ಕ, ಗಾಡಿ ಹುಲಿ ತರ ನಿಲ್ಲುತ್ತೆ."

"ಹುಲಿ ಬೇಡ. ಬೇರಿಂಗ್ ಉಳಿದ್ರೆ ಸಾಕು."

*

ಅಂಗಳದಲ್ಲಿ ಬಲಗಡೆಯದನ್ನು ಅವಳು ಹಾಕಿದಳು. ಮಾವ ಡ್ರೈವರ್ ಸೀಟಿನಲ್ಲಿ ಕೂತು ಬ್ರೇಕ್ ಒತ್ತಿ ಹಿಡಿದಿದ್ದರು. ಹ್ಯಾಂಡ್ ಬ್ರೇಕ್ ಸಡಿಲವಿತ್ತು, ಎತ್ತಿದ ಹಬ್ಬು ಪಾನಾದ ಜೊತೆಗೇ ತಿರುಗಿಬಿಡುತ್ತಿತ್ತು. ತಂತಿಯ ಬ್ರಷ್ಷಿನಿಂದ ಹಬ್ಬಿನ ಮುಖದ ತುಕ್ಕು ಉಜ್ಜಿದಳು. ಬೋಲ್ಟುಗಳಿಗೆ ಎಣ್ಣೆ ಸೋಕಿಸಲಿಲ್ಲ. ಸ್ಪೇಸರ್ ಕೂರಿಸಿದಳು.

ಈ ನಮೂನೆಯ ಸ್ಪೇಸರಿಗೆ ನಟ್ಟುಗಳು ಎರಡು ಸಾಲು. ಒಳಗಿನ ಆರು ಸ್ಪೇಸರನ್ನು ಗಾಡಿಗೆ ಹಿಡಿಯುತ್ತವೆ. ಹೊರಗಿನ ಆರು ಚಕ್ರವನ್ನು ಸ್ಪೇಸರಿಗೆ ಹಿಡಿಯುತ್ತವೆ. ಚಕ್ರ ಹಾಕಿದ ಮೇಲೆ ಒಳಗಿನವು ಯಾರ ಕಣ್ಣಿಗೂ ಕಾಣುವುದಿಲ್ಲ.

ಪಕ್ಕದ ಗ್ಯಾರೇಜಿನಿಂದ ಟಾರ್ಕ್ ರೆಂಚ್ ತಂದಿದ್ದಳು. ಬೇಕಾದಷ್ಟು ಬಿಗಿಯಾದ ಕೂಡಲೇ ಅದು ಕಟಕ್ ಎನ್ನುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಹಳೆಯ ಕಾಲದ್ದು, ಗಟ್ಟಿ ತಲೆಯದು. ಈಗಿನವುಗಳ ಹಾಗೆ ಹಿಂದಕ್ಕೆ ಸುಮ್ಮನೆ ಜಾರುವುದಿಲ್ಲ, ಎತ್ತ ತಿರುಗಿಸಿದರೆ ಅತ್ತ ನಟ್ಟನ್ನೂ ತಿರುಗಿಸುತ್ತದೆ. ಒಂದು ನಟ್ಟು, ಆಮೇಲೆ ಅದರ ಎದುರಿನದು, ಮತ್ತೆ ಪಕ್ಕದ್ದು, ಅದರ ಎದುರಿನದು. ಆರು ಕಟಕ್.

ಎಡಗಡೆಗೆ ಬರುವಷ್ಟರಲ್ಲಿ ಮಾವ ಇಳಿದು ಬಂದಿದ್ದರು. "ಕೊಡಿಲ್ಲಿ. ಈ ಕಡೆ ನಾನು ಮಾಡ್ತೀನಿ. ನೀನು ಬ್ರೇಕ್ ಒತ್ತು."

"ನಾನೇ ಮುಗಿಸಿಬಿಡ್ತೀನಿ ಮಾವ."

"ನಲವತ್ತು ವರ್ಷ ಸ್ಕ್ರೂ ತಿರುಗಿಸಿದ ಕೈ ಇದು. ನಿನ್ನಿಂದ ಹೇಳಿಸ್ಕೋಬೇಕಾ?"

ಅವಳು ಸೀಟಿನಲ್ಲಿ ಕೂತು ಬ್ರೇಕ್ ಒತ್ತಿದಳು. ಸೀಟು ಹಿಂದಕ್ಕೆ ಹೋಗಿತ್ತು, ಕಾಲು ಚಾಚಿ ತುದಿಯಿಂದ ಒತ್ತಬೇಕಾಯಿತು. ಹಿಂದಿನಿಂದ ಸದ್ದು ಬಂತು: ಕಟಕ್. ಸ್ವಲ್ಪ ಹೊತ್ತು. ಕಟಕ್. ಆರೂ ಬಂದವು.

ಆದರೆ ಗಾಜಿನವರ ಬಿಗಿ ಬೇರೆ. ಗಾಜಿನ ಅಂಚಿಗೆ ಕೊಕ್ಕೆ ಕೂರಿಸಿ ಸ್ಕ್ರೂ ತಿರುಗಿಸುವವನು ರಬ್ಬರು ಒತ್ತುವವರೆಗೆ ತಿರುಗಿಸುತ್ತಾನೆ, ಆಮೇಲೆ ಕಾಲು ಸುತ್ತು ಹಿಂದಕ್ಕೆ ಬಿಡುತ್ತಾನೆ. ಬಿಡದಿದ್ದರೆ ಬಿಸಿಲಿಗೆ ಹಿಗ್ಗಿದ ಗಾಜು ತನ್ನ ಕೊಕ್ಕೆಯಲ್ಲೇ ಸಿಡಿಯುತ್ತದೆ. ಆ ಹಿಂದಿನ ಕಾಲು ಸುತ್ತನ್ನು ಮಾವ ಸಡಿಲ ಮಾಡುವುದು ಎನ್ನುತ್ತಿರಲಿಲ್ಲ. ಬಿಗಿ ಮುಗಿಸುವುದು ಎನ್ನುತ್ತಿದ್ದರು. ಎಡಗಡೆಯ ಆರು ನಟ್ಟುಗಳನ್ನೂ ಅವರು ಹಾಗೇ ಮುಗಿಸಿದರು: ಕಟಕ್ ಎಂದ ಮೇಲೆ ಕಾಲನ್ನು ನೆಲಕ್ಕೆ ಊರಿ, ರೆಂಚನ್ನು ಮೇಲಕ್ಕೆ ಜಗ್ಗಿ, ಒಂದೊಂದಕ್ಕೂ ಕಾಲು ಸುತ್ತು ಉಸಿರು ಕೊಟ್ಟು. ಕೆಲಸ ಅಚ್ಚುಕಟ್ಟಾಗಿತ್ತು. ಸ್ವತಃ ಅವರಿಗೇ ಮೆಚ್ಚುಗೆಯಾಯಿತು.

ಚಕ್ರ ಹಾಕಿದರು. ಹೊರಗಿನ ನಟ್ಟುಗಳನ್ನು ಎರಡೂ ಕಡೆ ಸೊಸೆಯೇ ಬಿಗಿದಳು. ನೀರಿನ ಟ್ಯಾಂಕಿನವರೆಗೆ ಖಾಲಿ ಗಾಡಿ ಓಡಿಸಿ ತಂದು ಮತ್ತೆ ಜ್ಯಾಕ್ ಹೊರತೆಗೆದಳು.

"ಮತ್ತೆ ಯಾಕೆ?"

"ಚಕ್ರ ಬಿಚ್ಚಿ ಒಳಗಿನ ನಟ್ಟು ಇನ್ನೊಮ್ಮೆ ನೋಡಬೇಕು ಮಾವ. ಹೊಸದಾಗಿ ಕೂತಿದ್ದು ಸ್ವಲ್ಪ ಓಡಿದ ಮೇಲೆ ಸಡಿಲ ಆಗುತ್ತೆ."

ಮಾವ ಗಡಿಯಾರ ನೋಡಿದರು. ಬೆಟ್ಟದ ಕೆಳಗೆ ಹೊಸ ಗ್ರಂಥಾಲಯದ ಮುಂಭಾಗಕ್ಕೆ ಗಾಜು ಕೂರಿಸಲು ಅವರ ಮಗ ಬೆಳಗಿನಿಂದ ಕಾಯುತ್ತಿದ್ದ. "ಕಟಕ್ ಅಂದಿದ್ದು ಕೇಳಿಸ್ತೋ ಇಲ್ವೋ?"

"ಕೇಳಿಸ್ತು."

"ಕೇಳಿಸಿದ ಮೇಲೂ ನೋಡ್ತೀನಿ ಅಂದ್ರೆ ನೀನು ನಟ್ಟು ನೋಡ್ತಿಲ್ಲ, ನನ್ನನ್ನ ನೋಡ್ತಿದ್ದೀಯ."

ಅವಳ ಕೈ ಜ್ಯಾಕಿನ ಮೇಲಿತ್ತು. ತೆಗೆದಳು. ಹೊರಗಿನ ನಟ್ಟುಗಳಿಗೆ ಮಾತ್ರ ಮತ್ತೊಮ್ಮೆ ರೆಂಚ್ ಹಾಕಿ ನೋಡಿ ಎದ್ದಳು.

*

ಮೊದಲ ನಾಲ್ಕು ತಿರುವು ಅವಳ ಬದುಕಿನ ಅತ್ಯುತ್ತಮ ತಿರುವುಗಳು. ಎಂಟು ಗಾಜು ಹೊತ್ತ ಗಾಡಿ ವಾಲಲಿಲ್ಲ. ಅಗಲವಾಗಿ ಕಾಲೂರಿ, ಬಾಗಿ, ನೇರವಾಯಿತು. ಮಾವ ಬಾಗಿಲ ಮೇಲಿನ ಹಿಡಿಕೆಯಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅವಳಿಗೆ ಅಷ್ಟು ಸಾಕಿತ್ತು.

ಐದನೆಯ ತಿರುವು ದಾಟಿ ಬ್ರೇಕ್ ಬಿಟ್ಟಾಗ ಹಿಂದೆ ಎಲ್ಲೋ ಟಕ್ ಎಂದಿತು.

ಅವಳು ರೇಡಿಯೋ ಆರಿಸಿದಳು.

"ಯಾಕೆ? ಚೆನ್ನಾಗಿತ್ತು ಹಾಡು."

"ಒಂದು ನಿಮಿಷ ಮಾವ."

ಮತ್ತೆ ಬ್ರೇಕ್, ಮತ್ತೆ ಟಕ್. ಚಿಟ್ ಅಲ್ಲ, ಗಾಜಲ್ಲ. ಕಬ್ಬಿಣ. ಸೀಟಿನ ಕೆಳಗಿನಿಂದ, ಎಡಗಡೆಯಿಂದ. ರಸ್ತೆ ಸ್ವಲ್ಪ ಅಗಲವಾದಲ್ಲಿ ನಿಲ್ಲಿಸಿದಳು. ಚಕ್ರಗಳಿಗೆ ಕಲ್ಲು ಕೊಟ್ಟು, ರೆಂಚ್ ತಂದು, ಎಡ ಹಿಂಬದಿಯ ಹೊರಗಿನ ನಟ್ಟುಗಳನ್ನು ನೋಡಿದಳು. ಕಟಕ್, ಕಟಕ್, ಆರೂ ಗಟ್ಟಿ.

"ನೋಡಿದ್ಯಾ?" ಮಾವ ಕಿಟಕಿಯಿಂದ ತಲೆ ಹೊರಹಾಕಿದರು. "ಸ್ಟ್ಯಾಂಡಿನ ಸದ್ದು ಅದು. ನಿನ್ನ ಗಂಡನ ಬೆಸುಗೆ ಯಾವತ್ತು ಸುಮ್ಮನಿತ್ತು?"

"ಸ್ಟ್ಯಾಂಡ್ ಆದ್ರೆ ಗುಂಡಿಗೆ ಸದ್ದು ಮಾಡುತ್ತೆ. ಇದು ಬ್ರೇಕಿಗೆ ಮಾಡ್ತಿದೆ."

"ಹತ್ತು, ಹತ್ತು. ಅವನು ಆಗಲೇ ಎರಡು ಸಲ ಫೋನ್ ಮಾಡಿದ."

ಅವಳು ಹತ್ತಿದಳು. ಹತ್ತಬಾರದಿತ್ತು ಎಂದು ಮುಂದಿನ ಇಳಿಜಾರಿನಲ್ಲೇ ಗೊತ್ತಾಯಿತು. ಈಗ ಸದ್ದು ಬ್ರೇಕಿಗೆ ಕಾಯುತ್ತಿರಲಿಲ್ಲ. ಚಕ್ರದ ಒಂದೊಂದು ಸುತ್ತಿಗೂ ಒಂದೊಂದು ಟಕ್, ನಿಧಾನಿಸಿದರೆ ನಿಧಾನವಾಗಿ, ವೇಗವಾದರೆ ವೇಗವಾಗಿ, ಯಾರೋ ಹಿಂದೆ ಕೂತು ಎಣಿಸುತ್ತಿರುವ ಹಾಗೆ. ಆಮೇಲೆ ಸೀಟು ನಡುಗತೊಡಗಿತು. ಎಡಕ್ಕೆ ತಿರುಗುವಾಗ ಕಡಿಮೆ. ಬಲಕ್ಕೆ ತಿರುಗಿ ಭಾರ ಎಡ ಚಕ್ರದ ಮೇಲೆ ಬಿದ್ದಾಗ ಹೆಚ್ಚು. ಅವಳು ಎರಡನೇ ಗೇರಿಗೆ ಇಳಿಸಿದಳು. ರಸ್ತೆಯ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಮೊಣಕಾಲೆತ್ತರದ ಕಟ್ಟೆ, ಅದರಾಚೆ ಗಾಳಿ.

"ಮಾವ, ಚಕ್ರ ಬಿಚ್ಚಬೇಕು."

"ಇಲ್ಲೇನಾ? ಈ ಇಳಿಜಾರಲ್ಲಿ? ಲೋಡ್ ಹೊತ್ಕೊಂಡು?"

"ಹೂಂ."

"ಜ್ಯಾಕ್ ಹಾಕಿದ್ರೆ ಗಾಡಿ ವಾಲುತ್ತೆ. ವಾಲಿದ್ರೆ ಬಲಗಡೆಯ ನಾಲ್ಕೂ ಗಾಜು ರಸ್ತೆಗೆ. ಗೊತ್ತಲ್ಲ, ಒಡೆದರೆ ಏನು ಅಂತ ಮಾತಾಗಿದೆ?"

"ಗೊತ್ತು."

"ಸ್ಪೇಸರ್ ಹಾಕಿಸಿ ಅಂದಿದ್ದು ಯಾರು?"

"ನಾನೇ ಮಾವ."

ಅವಳ ದನಿಯಲ್ಲಿ ಜಗಳವಿರಲಿಲ್ಲ. ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಕಿವಿಯನ್ನು ಪೂರ್ತಿ ಹಿಂದಕ್ಕೆ ಕಳಿಸಿ, ಉತ್ತರವನ್ನು ಮಾತ್ರ ಅವರಿಗೆ ಬಿಟ್ಟಿದ್ದಳು. ಮಾವನಿಗೆ ಅದು ಹೆದರಿಕೆ ಹುಟ್ಟಿಸಿತು. ಅವರು ಮೇಲಿನ ಹಿಡಿಕೆಯನ್ನು ಮತ್ತೆ ಹಿಡಿದುಕೊಂಡರು. ಆಗ ಗಾಡಿಯ ಹಿಂಭಾಗ ಒಮ್ಮೆ, ಅಂಗುಲದಷ್ಟು, ತನ್ನಷ್ಟಕ್ಕೆ ತಾನೇ ಕಟ್ಟೆಯ ಕಡೆ ಸರಿಯಿತು.

"ನಿಲ್ಲಿಸು," ಎಂದರು ಮಾವ. "ನಿಲ್ಲಿಸು, ನಿಲ್ಲಿಸಮ್ಮ."

"ಒತ್ತಿ ನಿಲ್ಲಿಸಿದ್ರೆ ಚಕ್ರ ಕಿತ್ಕೊಂಡು ಹೋಗುತ್ತೆ. ಸುಮ್ನೆ ಕೂತ್ಕೊಳ್ಳಿ."

ಬ್ರೇಕನ್ನು ಅವಳು ಮುಟ್ಟಿದಳೇ ಹೊರತು ಒತ್ತಲಿಲ್ಲ. ಮೊದಲ ಗೇರಿಗೆ ಇಳಿಸಿದಳು. ಇಂಜಿನ್ ಕೂಗಿಕೊಂಡು ಗಾಡಿಯನ್ನು ಹಿಡಿಯಿತು. ಮುಂದೆ ರಸ್ತೆ ರಿಪೇರಿಯವರು ಜಲ್ಲಿ ಸುರಿದು ಖಾಲಿ ಮಾಡಿದ ಜಾಗವೊಂದಿತ್ತು, ಬಂಡೆಯ ಬದಿಯಲ್ಲಿ, ಸಮತಟ್ಟಾಗಿ. ಅಲ್ಲಿಯವರೆಗೆ ಗಾಡಿ ಮನುಷ್ಯರ ನಡಿಗೆಯಲ್ಲಿ ಹೋಯಿತು. ಟಕ್. ಟಕ್. ಟಕ್. ಹಿಂದಿನಿಂದ ಬಂದ ಬಸ್ಸೊಂದು ಹಾರ್ನ್ ಬಾರಿಸಿ, ಬೈದು, ದಾಟಿ ಹೋಯಿತು. ಜಲ್ಲಿಯ ಮೇಲೆ ಗಾಡಿ ನಿಂತಾಗ ಇಬ್ಬರೂ ಹಿಂದಕ್ಕೆ ಕಿವಿಗೊಟ್ಟರು. ಗಾಜು ಸುಮ್ಮನಿತ್ತು.

*

ಜ್ಯಾಕಿನ ವಿಷಯದಲ್ಲಿ ಅವಳು ಮಾವನ ಮಾತು ಕೇಳಿದಳು, ಏಕೆಂದರೆ ಗಾಜಿನ ವಿಷಯದಲ್ಲಿ ಅವರು ತಪ್ಪಿದ್ದನ್ನು ಅವಳು ನೋಡಿರಲಿಲ್ಲ. ನಟ್ಟುಗಳನ್ನು ಮೊದಲೇ ಸಡಿಲಿಸಿ, ಜ್ಯಾಕನ್ನು ಆಕ್ಸಲ್ಲಿನ ಕೆಳಗೇ ಇಟ್ಟಳು. ಮಾವ ಬಲಗಡೆ ನಿಂತು, ಗಾಜುಗಳಿಗೆ ಅಂಗೈ ಊರಿ, ಕಣ್ಣು ಮುಚ್ಚಿದರು.

"ಎತ್ತು. ಇನ್ನೊಂಚೂರು. ನಿಲ್ಲು, ಉಸಿರಾಡಲಿ. ಹೂಂ, ಎತ್ತು. ಸಾಕು! ಇನ್ನೊಂದು ಕೂದಲು ಎತ್ತಿದ್ರೆ ಗಾಜು ಮೈಮೇಲೆ ಬರುತ್ತೆ."

ಚಕ್ರ ಜಲ್ಲಿಯಿಂದ ಕಾಗದ ತೂರುವಷ್ಟು ಎದ್ದಿತ್ತು. ಅಷ್ಟರಲ್ಲೇ ಅದನ್ನು ಎಳೆದು ತೆಗೆದಳು. ಸ್ಪೇಸರಿನ ಒಂದು ನಟ್ಟನ್ನು ಬೆರಳಿನಿಂದ ಮುಟ್ಟಿದಳು. ತಿರುಗಿತು. ಬಾಟಲಿಯ ಮುಚ್ಚಳದ ಹಾಗೆ.

"ಮಾವ, ಬನ್ನಿ ಇಲ್ಲಿ."

"ಗಾಜು ಬಿಡೋಕಾಗಲ್ಲ."

"ಒಳಗಿನ ನಟ್ಟು ಆರೂ ಸಡಿಲ."

"ಸುಳ್ಳು!" ಅವರು ಗಾಜು ಬಿಟ್ಟು ಬಂದೇಬಿಟ್ಟರು. ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ತಾವೂ ಒಂದನ್ನು ತಿರುಗಿಸಿದರು. "ಕಟಕ್ ಅಂದಿತ್ತು. ನೀನೇ ಕೇಳಿದ್ದೀಯ."

"ಕೇಳಿದ್ದೆ."

"ಹಾಗಾದ್ರೆ ಆ ರೆಂಚ್ ಹಾಳಾಗಿದೆ."

ಅವಳು ಬಲಗಡೆಗೆ ಹೋಗಿ, ಚಕ್ರ ಬಿಚ್ಚದೆಯೇ, ಚಕ್ರದ ಡಿಸ್ಕಿನ ಸಂದಿಯಲ್ಲಿ ಕಡ್ಡಿ ತೂರಿಸಿ ಸ್ಪೇಸರನ್ನು ಮೀಟಿ ನೋಡಿದಳು. ಅಲುಗಲಿಲ್ಲ. ಅದೇ ರೆಂಚ್, ಅದೇ ದಿನ, ಅದೇ ನಟ್ಟು. ಹಿಂದಿರುಗಿ ಬಂದು ರೆಂಚನ್ನು ಅವರ ಕೈಗೆ ಕೊಟ್ಟಳು. ಗೇರಿನಲ್ಲಿದ್ದ ಗಾಡಿಯ ಹಬ್ಬು ತಿರುಗದಂತೆ ಕಬ್ಬಿಣದ ಸಲಾಕೆಯನ್ನು ಬೋಲ್ಟುಗಳ ನಡುವೆ ಅಡ್ಡ ಕೊಟ್ಟು ಹಿಡಿದಳು. "ಬೆಳಿಗ್ಗೆ ಹೇಗೆ ಮಾಡಿದ್ರೋ ಹಾಗೇ ಒಂದು ಮಾಡಿ ತೋರಿಸಿ."

"ಪರೀಕ್ಷೆನಾ?"

"ಹಾಗೇ ಅಂದ್ಕೊಳ್ಳಿ."

ಮಾವ ರೆಂಚ್ ಹಾಕಿದರು. ಒತ್ತಿದರು. ಕಟಕ್. ಕಾಲು ಊರಿದರು. ಮೇಲಕ್ಕೆ ಜಗ್ಗಿದರು. ರೆಂಚ್ ತೆಗೆದು ಅವಳತ್ತ ನೋಡಿದರು.

"ಈಗ ಏನ್ ಮಾಡಿದ್ರಿ?"

"ಬಿಗಿ ಮಾಡಿದೆ."

"ಆಮೇಲೆ?"

"ಆಮೇಲೆ ಏನು? ಕಾಲು ಸುತ್ತು ಬಿಟ್ಟೆ."

"ಯಾಕೆ ಬಿಟ್ರಿ?"

"ಯಾಕೆ ಬಿಟ್ರಿ ಅಂದ್ರೆ?" ಅವರಿಗೆ ನಿಜವಾಗಿಯೂ ಪ್ರಶ್ನೆ ಅರ್ಥವಾಗಲಿಲ್ಲ. "ಬಿಡದೆ ಇರ್ತಾರಾ? ಉಸಿರಾಡೋಕೆ ಜಾಗ ಕೊಡದೆ ಯಾರಾದ್ರೂ ಏನಾದ್ರೂ ಕಟ್ತಾರಾ?"

ಅವಳು ಆ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು, ಅವರ ಮುಖವನ್ನೇ ನೋಡುತ್ತ, ಪೂರ್ತಿ ಬಿಚ್ಚಿ ಅವರ ಅಂಗೈ ಮೇಲಿಟ್ಟಳು.

"ಇದು ಗಾಜಲ್ಲ ಮಾವ. ಇದಕ್ಕೆ ಉಸಿರಾಡೋಕೆ ಬಿಟ್ರೆ ನಮ್ಮ ಉಸಿರು ಹೋಗುತ್ತೆ."

ಮಾವ ಅಂಗೈಯನ್ನು ಮುಚ್ಚಲಿಲ್ಲ. ನಟ್ಟಿನ ಒಳಮೈ ಉಜ್ಜಿ ಹೊಳೆಯುತ್ತಿತ್ತು. ಅವರು ಅದನ್ನು ನೋಡಿದರು, ಕಟ್ಟೆಯ ಕಡೆ ನೋಡಿದರು, ಮತ್ತೆ ನಟ್ಟನ್ನು ನೋಡಿದರು. ಆಮೇಲೆ ರಸ್ತೆಯ ಅಂಚಿನ ಮೈಲಿಗಲ್ಲಿನ ಮೇಲೆ ಕೂತರು. ಎದ್ದರು. ಮತ್ತೆ ಕೂತರು.

ಫೋನ್ ರಿಂಗಾಯಿತು. ಗಂಡ. ಸೊಸೆ ಸ್ಪೀಕರಿಗೆ ಹಾಕಿ ಜಲ್ಲಿಯ ಮೇಲಿಟ್ಟು ಕೆಲಸ ಮುಂದುವರಿಸಿದಳು.

"ಎಲ್ಲಿದ್ದೀರಾ? ಇಲ್ಲಿ ಅಟ್ಟಣಿಗೆಯವರು ಬಿಚ್ಚಿಕೊಂಡು ಹೋಗ್ತೀವಿ ಅಂತಿದ್ದಾರೆ."

"ನಟ್ಟು ಸಡಿಲ ಆಗಿದೆ."

"ಒಡೆಯಿತಾ?"

"ಇಲ್ಲ. ನಾವೂ ಒಡೆದಿಲ್ಲ, ಕೇಳಿದ್ದಕ್ಕೆ ಥ್ಯಾಂಕ್ಸು."

"ಅಯ್ಯೋ, ಹಾಗಲ್ಲ... ಅಪ್ಪ ಎಲ್ಲಿ? ಅಪ್ಪಂಗೆ ಕೊಡು."

ಅಪ್ಪ ತಲೆ ಅಲ್ಲಾಡಿಸಿದರು. "ಅಪ್ಪ ಗಾಜು ಹಿಡ್ಕೊಂಡಿದ್ದಾರೆ," ಎಂದು ಅವಳು ಫೋನ್ ಆರಿಸಿದಳು.

ಸ್ಪೇಸರಿನ ನಟ್ಟುಗಳನ್ನು ಮತ್ತೆ ಬಿಗಿಯಲು ನೋಡಿದಳು. ಐದು ಕಟಕ್ ಎಂದವು. ಆರನೆಯದು ಎಷ್ಟು ತಿರುಗಿಸಿದರೂ ತಿರುಗುತ್ತಲೇ ಇತ್ತು. ಬಡಿದಾಡಿದ ಬೋಲ್ಟಿನ ಹಲ್ಲುಗಳು ಸವೆದು ಹೋಗಿದ್ದವು. ಸ್ಪೇಸರಿನ ತೂತುಗಳೂ ಹಿಗ್ಗಿದ್ದವು. ಅವಳು ಕೈ ಒರೆಸಿಕೊಂಡು ಯೋಚಿಸಿದಳು.

"ಸ್ಪೇಸರ್ ಎರಡೂ ತೆಗೀಬೇಕು. ಚಕ್ರ ಮೊದಲಿನ ಹಾಗೆ ನೇರ ಹಬ್ಬಿಗೆ ಕೂತರೆ, ಅದರ ಡಿಸ್ಕು ಸ್ಪೇಸರಿಗಿಂತ ತೆಳು, ನಟ್ಟು ಬೋಲ್ಟಿನ ಬುಡದ ಹಲ್ಲಿಗೆ ಸಿಗುತ್ತೆ. ಅಲ್ಲಿ ಸವೆದಿಲ್ಲ. ಐದಂತೂ ಗಟ್ಟಿ ನಿಲ್ಲುತ್ತೆ."

"ಆಮೇಲೆ ಗಾಡಿ ತೂಗುತ್ತೆ," ಎಂದರು ಮಾವ.

"ತೂಗುತ್ತೆ."

"ಎಂಟು ಗಾಜು."

"ಹೂಂ."

"ಒಡೀಬಹುದು."

"ಒಡೆದ್ರೆ ಒಡೀಲಿ ಮಾವ. ಸೋಮವಾರ ಮೀಸೆ ಬರಲಿ. ಇದನ್ನ ಹಾಕ್ಕೊಂಡು ಮಾತ್ರ ನಾನು ಇಳಿಯಲ್ಲ, ನಿಮ್ಮನ್ನೂ ಇಳಿಸಲ್ಲ." ರೆಂಚನ್ನು ಜೋರಾಗಿ ಜಲ್ಲಿಯ ಮೇಲೆ ಹಾಕಿದಳು. "ಬೇಕಿದ್ರೆ ಈಗಲೇ ಕರೀರಿ ಅವನನ್ನ. ಅವನ ಗಾಡಿ ತರಲಿ, ಗಾಜು ಅದಕ್ಕೆ ಹಾಕೋಣ."

ಮಾವ ಫೋನ್ ಹೊರಗೆ ತೆಗೆದರು. ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಹೆಸರು ಹುಡುಕಿದರು. ಹೆಬ್ಬೆರಳು ಅಲ್ಲೇ ನಿಂತಿತು.

"ಅವನು ಬಂದ ಕೂಡಲೇ ಮೊದಲು ಏನು ಕೇಳ್ತಾನೆ ಗೊತ್ತಾ?"

"ಏನು?"

"ಯಾರು ಬಿಗಿ ಮಾಡಿದ್ದು ಅಂತ."

ಫೋನ್ ಜೇಬಿಗೆ ಹೋಯಿತು. ಮಾವ ಬಂಡೆಯ ಬುಡಕ್ಕೆ ಕಟ್ಟಿದ್ದ ಕಲ್ಲಿನ ಗೋಡೆಯ ಹತ್ತಿರ ಹೋಗಿ ಅದರ ಓರೆಯನ್ನು ಅಂಗೈಯಿಂದ ಸವರಿದರು. ಗಾಡಿಯಿಂದ ಹಳೆಯ ಕಂಬಳಿ, ಮರದ ಪಟ್ಟಿಗಳನ್ನು ತಂದರು.

"ನಾಲ್ಕು ಗಾಜು ಇಲ್ಲಿ ಇಳಿಸೋಣ. ಪಟ್ಟಿ ಮೇಲೆ, ಗೋಡೆಗೆ ಒರಗಿಸಿ. ಅರ್ಧ ಲೋಡಿಗೆ ಅಷ್ಟು ತೂಗಲ್ಲ. ನೀನು ಕೊಟ್ಟು ಬಾ. ಇದರ ಹತ್ರ ನಾನಿರ್ತೀನಿ."

"ನಾನೊಬ್ಬಳೇ?"

"ಮತ್ತೆ? ನಾನು ಪಕ್ಕದಲ್ಲಿ ಕೂತು ಏನ್ ಮಾಡಿದೆ ಇಷ್ಟು ಹೊತ್ತು?"

*

ಸ್ಪೇಸರ್ ತೆಗೆದ ಗಾಡಿ ನಾಲ್ಕು ಗಾಜು ಹೊತ್ತು ಇಳಿಯಿತು. ಪ್ರತಿ ತಿರುವಿಗೂ ಗಾಡಿ ವಾಲಿತು. ವಾಲಿದ್ದು ತಾನಾಗಿ ಮರಳುವವರೆಗೆ ಅವಳು ಕಾದಳು, ಅವಸರಿಸಲಿಲ್ಲ, ತಿದ್ದಲಿಲ್ಲ. ಸ್ವಲ್ಪ ದೂರಕ್ಕೊಮ್ಮೆ ನಿಲ್ಲಿಸಿ, ಇಳಿದು, ಐದು ನಟ್ಟುಗಳನ್ನೂ ನೋಡಿದಳು. ಒಮ್ಮೆ ಹಿಂದಿನಿಂದ ಕಿರ್ ಎಂದಾಗ ಇಳಿದು ಓಡಿಹೋಗಿ ಗಾಜು ನೋಡಿದಳು. ರಬ್ಬರು ಸರಿದದ್ದು ಅಷ್ಟೇ. ಗ್ರಂಥಾಲಯದ ಮುಂದೆ ಗಂಡ ನಾಲ್ಕು ಗಾಜು ಇಳಿಸಿಕೊಂಡು, ಉಳಿದ ನಾಲ್ಕೆಲ್ಲಿ ಎಂದ. "ನಿಮ್ಮಪ್ಪನ ಜೊತೆ ಬೆಟ್ಟ ನೋಡ್ತಿವೆ," ಎಂದು ಅವಳು ಗಾಡಿ ತಿರುಗಿಸಿದಳು.

ಮೇಲೆ ಬಂದಾಗ ಗಾಳಿ ಎದ್ದಿತ್ತು. ದೂರದಿಂದಲೇ ಕಂಡಿತು: ಗೋಡೆಗೆ ಒರಗಿದ ಗಾಜುಗಳಲ್ಲಿ ಆಕಾಶ, ಆಕಾಶದ ಮುಂದೆ ಎರಡೂ ತೋಳು ಚಾಚಿ ಗಾಜಿಗೆ ಎದೆಯೊತ್ತಿ ನಿಂತ ಮಾವ. ಒಂದು ಲಾರಿ ದಾಟಿತು. ಅದರ ಗಾಳಿಗೆ ಗಾಜು ನಡುಗಿತು, ಮಾವನೂ ಜೊತೆಗೆ ನಡುಗಿದರು.

"ಒಡೆಯಿತಾ?" ಎಂದರು ತಲೆ ತಿರುಗಿಸದೆ.

"ಇಲ್ಲ."

"ಇಲ್ಲೂ ಇಲ್ಲ. ಬೇಗ ಬಾ, ತೋಳು ಬಿದ್ದು ಹೋಗ್ತಿದೆ."

ಅವಳು ಗಾಡಿಯಿಂದ ಕೈಗವಸು ತರುವಷ್ಟರಲ್ಲಿ ಮಾವನ ಅಂಗಿಯ ಜೇಬಿನಲ್ಲಿ ಫೋನ್ ರಿಂಗಾಯಿತು. ಕೈ ತೆಗೆಯುವಂತಿರಲಿಲ್ಲ.

"ನೋಡು ಯಾರು ಅಂತ. ಅವನೇ ಇರಬೇಕು, ತಾಳ್ಮೆ ಇಲ್ಲ ಮುಂಡೇದಕ್ಕೆ."

ಸೊಸೆ ಅವರ ಜೇಬಿಗೆ ಕೈ ಹಾಕಿ ಫೋನ್ ತೆಗೆದಳು. ಪರದೆಯ ಮೇಲಿದ್ದದ್ದು ಮಗನ ಹೆಸರಲ್ಲ.

"ಮೀಸೆ," ಎಂದಳು.

ಅವಳು ಗುಂಡಿ ಒತ್ತಿ, ಕೈ ಎತ್ತಿ, ಫೋನನ್ನು ಮಾವನ ಕಿವಿಗೆ ಹಿಡಿದಳು. ಅದೇನೂ ಗುಟ್ಟಿನ ಫೋನಲ್ಲ. ಮೀಸೆಯ ದನಿ ರಸ್ತೆಯ ಆಚೆಗೂ ಕೇಳುವಂತಿತ್ತು.

"ಯಜಮಾನ್ರೇ, ಸೋಮವಾರ ಎಷ್ಟೊತ್ತಿಗೆ ಬರಲಿ?"

"ಗಾಜು ಕೈಯಲ್ಲಿದೆ ಕಣಯ್ಯ. ಆಮೇಲೆ ಮಾತಾಡ್ತೀನಿ."

"ಬರ್ಲೋ ಬೇಡ್ವೋ ಅಷ್ಟು ಹೇಳಿ. ಇನ್ನೊಂದು ಕಡೆಯಿಂದ ಕರೀತಿದ್ದಾರೆ."

ಮಾವನ ಕೆನ್ನೆ ಗಾಜಿಗೆ ಒತ್ತಿತ್ತು. ಉಸಿರಿಗೆ ಅಲ್ಲಿ ಒಂದು ಬಿಳಿ ವೃತ್ತ ಮೂಡುತ್ತಿತ್ತು, ಆರುತ್ತಿತ್ತು. ಸೊಸೆಯ ತೋಳು ನೋಯತೊಡಗಿತು. ಅವಳು ಇಳಿಸಲಿಲ್ಲ.

"ಬೇಡಪ್ಪ," ಎಂದರು ಮಾವ. "ಡ್ರೈವರ್ ಇದ್ದಾರೆ."

"ಇದ್ದಾರಾ? ಯಾರದು?"

"ಈಗ ಫೋನ್ ಹಿಡ್ಕೊಂಡಿರೋರು."

ಆ ಕಡೆ ಮೀಸೆ ಇನ್ನೇನೋ ಕೇಳುತ್ತಿದ್ದ. ಅವಳು ಫೋನ್ ಆರಿಸಿ ಮಾವನ ಜೇಬಿಗೆ ಹಾಕಿದಳು, ಕೈಗವಸು ಏರಿಸಿದಳು, ಗಾಜಿನ ಇನ್ನೊಂದು ಅಂಚಿಗೆ ಹೋಗಿ ಹಿಡಿದಳು.

"ಎತ್ತಿ ಮಾವ."